ನಾಲ್ಕು ಬೆರಳು ಬಟ್ಟೆ

ಪುಣೆಯ ಮಗರಪಟ್ಟಾದ ಹನ್ನೊಂದನೆಯ ಮಹಡಿಯಲ್ಲಿರುವ ಸಹನಾ ಎಂಬ ಹುಡುಗಿ ಈ ಬರಹಕ್ಕೆ ಕಾರಣ. ಮೈಸೂರಿನ ಕಡೆಯವಳು, ಕಂಪ್ಯೂಟರ್ ಕೆಲಸ. ಯಾರೋ ತೊಟ್ಟು ಬಿಟ್ಟ ಬಟ್ಟೆ, ಮೆಟ್ಟಿ ಬಿಟ್ಟ ಬೂಟು ಕೊಂಡು ತಂದು ಮನೆಯಲ್ಲೇ ತಮ್ಮ ಅಳತೆಗೆ ತಿದ್ದಿಕೊಳ್ಳುವ ಹುಚ್ಚು ಅವಳಿಗೂ ಅವಳ ಗೆಳತಿಯರಿಗೂ ಹತ್ತಿದೆ. ಶನಿವಾರ ಮಧ್ಯಾಹ್ನ ನಾನು ಅವರಿಗೆ ಪಾಠ ಹೇಳುತ್ತೇನೆ. "ಆಂಟಿ, ನೀವು ಹೇಳೋದೆಲ್ಲ ಸೂಪರ್, ಬಟ್ ಮನೆಗೆ ಹೋಗೋಷ್ಟರಲ್ಲಿ ಮರ್ತೋಗತ್ತೆ. ಒಂದ್ಸಲ ಬರೆದು ಕೊಟ್ಬಿಡಿ ಪ್ಲೀಸ್" ಎಂದಳು. ಬರೆಯಲು ಕೂತರೆ ಪಾಠ ಒಂದು ಪುಟಕ್ಕೆ ಮುಗಿಯಿತು. ಉಳಿದದ್ದು ಇದು.

ಮೊದಲೇ ಹೇಳಿಬಿಡುತ್ತೇನೆ. ನಾನು, ಗಿರಿಜಾ, ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಆದರೆ ಹೊಸ ಬಟ್ಟೆ ಒಂದನ್ನೂ ಹೊಲಿದವಳಲ್ಲ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಅಂದರೆ ಅಂಗಳದ ಸುತ್ತ ಹಲವು ಸಂಸಾರಗಳಿರುವ ಹಳೆಯ ಕಟ್ಟಡದಲ್ಲಿ, ನೆಲಮಟ್ಟದ ಎರಡು ಕೋಣೆ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಯಂತ್ರ. ಒಬ್ಬರ ಮೈಯಿಂದ ಇಳಿದದ್ದನ್ನು ಇನ್ನೊಬ್ಬರ ಮೈಗೆ ಕೂರಿಸುವುದು ಕೆಲಸ. ಇದರಲ್ಲಿ ಬಡ್ತಿ ಎಂಬುದಿಲ್ಲ. ನಿವೃತ್ತಿ ಹೇಗಾಯಿತೆಂದರೆ, ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಏಳು ಸಲ ಯತ್ನಿಸಿ ಎಂಟನೆಯ ಸಲ ಯತ್ನಿಸಲಿಲ್ಲ. ಯಾರೂ ಹಾರ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಎದ್ದು ಚಹಾ ಮಾಡಿಕೊಂಡು ಕುಡಿದೆ.

ಈ ನಲವತ್ತು ವರ್ಷದಲ್ಲಿ ಸಣ್ಣಪುಟ್ಟ ತಪ್ಪುಗಳಿಗೆ ಲೆಕ್ಕವಿಲ್ಲ. ಆದರೆ ಒಂದು ಸಲ ಕತ್ತರಿ ಹಾಕಬಾರದ ಕಡೆ ಹಾಕಿದೆ. ಅದರಿಂದ ನಮ್ಮ ಮನೆ ಮಾಲಕಿಯ ಮಾನವೂ ನಮ್ಮ ಎರಡು ಕೋಣೆಯೂ ಒಟ್ಟಿಗೇ ಹೋಗುವುದರಲ್ಲಿದ್ದವು. ಅದನ್ನು ಹೇಳುವ ಮೊದಲು ನನಗೆ ಕೆಲಸ ಕಲಿಸಿದ ಮೇಲಧಿಕಾರಿಯ ಬಗ್ಗೆ ಹೇಳಬೇಕು.

ಮೇಲಧಿಕಾರಿ ಎಂದರೆ ನನ್ನ ಅತ್ತೆ ಗಂಗವ್ವ. ವಿಜಯಪುರದ ಕಡೆಯವರು. ಮದುವೆಯಾಗಿ ಬಂದ ಎಂಟನೆಯ ದಿನ ನನ್ನನ್ನು ಯಂತ್ರದ ಮುಂದೆ ಅಲ್ಲ, ಅದರ ಪಕ್ಕದ ಚಾಪೆಯ ಮೇಲೆ ಕೂರಿಸಿದರು. ಕೈಗೆ ಒಂದು ಹಳೆಯ ಬ್ಲೇಡು, ಮುಂದೆ ಒಂದು ಹಳೆಯ ಪ್ಯಾಂಟು.

"ಹೊಲಿಗಿ ಬಿಚ್ಚು."

ಬಿಚ್ಚಿದೆ. ಮರುದಿನ ಇನ್ನೊಂದು ಕೊಟ್ಟರು. ಒಂದು ವರ್ಷ ನಾನು ಬಿಚ್ಚಿದ್ದೇ ಬಿಚ್ಚಿದ್ದು. ಒಂದು ದಿನ ಬೇಸರ ತಡೆಯದೆ, ಹೊಲಿಯುವುದು ಯಾವಾಗ ಎಂದು ಕೇಳಿದೆ.

"ಬಿಚ್ಚೂದ್ರಾಗ ಎಲ್ಲಾ ಗೊತ್ತಾಗ್ತದ. ಈ ಪ್ಯಾಂಟಿನವ ಬಲಗಾಲ ಮ್ಯಾಲೆ ಎಡಗಾಲ ಹಾಕಿ ಕೂಡಾಂವ. ಇಲ್ಲಿ ನೋಡು, ಸವದದ. ಹೊಟ್ಟಿ ಬಂದ ಮ್ಯಾಲೆ ಎರಡು ಸಲ ಬಿಡಿಸ್ಯಾನ. ಆಮ್ಯಾಲೆ ಇಳಿದದ, ಮತ್ತ ಹಿಡಿಸ್ಯಾನ. ಏನೋ ಜಡ್ಡು ಆಗಿರಬೇಕು, ಪಾಪ" ಎಂದರು.

ಅವರ ಕಾನೂನು ಒಂದೇ. ಅಗಲದ್ದನ್ನು ಸಣ್ಣ ಮಾಡಬೇಕೆಂದರೆ ಒಳಗೆ ಮಡಚಿ ಹೊಲಿ, ಹೆಚ್ಚಾದದ್ದನ್ನು ಕತ್ತರಿಸಬೇಡ. ನಾಲ್ಕು ಬೆರಳಾದರೂ ಒಳಗೆ ಬಿಡು. "ಈ ಬಟ್ಟಿ ನಿಂದಲ್ಲ, ಈಗ ತಂದಾನಲ್ಲ, ಅವಂದೂ ಅಲ್ಲ. ಇವನ ಮೈಯಿಂದ ಮುಂದ ಯಾರ ಮೈಗೆ ಹೋಗ್ತದೋ ಯಾರಿಗ್ಗೊತ್ತು" ಎನ್ನುತ್ತಿದ್ದರು. ಕತ್ತರಿಯನ್ನು ದೇವರ ಗೂಡಿನ ಹಿಂದೆ ಇಟ್ಟಿದ್ದರು. ಅದನ್ನು ತೆಗೆಯಬೇಕಾದರೆ ಕಾಲು ತೊಳೆದು ಹೋಗಬೇಕಿತ್ತು. ಅಷ್ಟರಲ್ಲಿ ಕತ್ತರಿಸುವ ಆಸೆ ಅರ್ಧ ಇಳಿದಿರುತ್ತಿತ್ತು. ಈಗ ಸಹನಾ ಮತ್ತು ಗೆಳತಿಯರು ಮೊಬೈಲಿನಲ್ಲಿ ವಿಡಿಯೊ ನೋಡಿ ಮೊದಲ ನಿಮಿಷಕ್ಕೇ ಕತ್ತರಿ ಹಾಕುತ್ತಾರೆ, ಎರಡನೆಯ ನಿಮಿಷಕ್ಕೆ ನನಗೆ ಫೋನು ಮಾಡುತ್ತಾರೆ.

ಹಳೆಯ ಬಟ್ಟೆ ನಮ್ಮ ಮನೆಗೆ ಬರುತ್ತಿದ್ದ ದಾರಿಯೂ ಹೇಳುವಂಥದ್ದು. ಪೇಠೆಯ ಓಣಿಗಳಲ್ಲಿ ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಬರುತ್ತಾರೆ. ಹಳೆಯ ಬಟ್ಟೆ ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುತ್ತಾರೆ. ಪಾತ್ರೆ ದೊಡ್ಡದಾದಷ್ಟೂ ಗಂಡನ ಕಪಾಟು ಖಾಲಿ. ಆ ಬಟ್ಟೆಗಳು ಹಳೆಯ ಬಜಾರಿಗೆ ಹೋಗಿ, ಅಲ್ಲಿ ನಮ್ಮ ಗಿರಾಕಿಗಳ ಕೈಗೆ ಸಿಕ್ಕಿ, ಎರಡು ವಾರದಲ್ಲಿ ಅದೇ ಪೇಠೆಗೆ ನನ್ನ ಹತ್ತಿರ ಬರುತ್ತಿದ್ದವು.

ಗಿರಾಕಿಗಳು ಬಹುತೇಕ ನಮ್ಮವರೇ, ವಿಜಯಪುರ, ಬಾಗಲಕೋಟೆ ಕಡೆಯ ಗುಮಾಸ್ತರು, ಅಂಗಡಿ ಲೆಕ್ಕ ಬರೆಯುವವರು. ಕೈಚೀಲದಲ್ಲಿ ಪ್ಯಾಂಟು, ಅದರ ಮೇಲೆ ಕೊತ್ತಂಬರಿ ಸಿವುಡು. ಕಾಯಿಪಲ್ಲೆ ತಂದವರಂತೆ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ತೆಗೆಯುತ್ತಿದ್ದರು. ಕೆಲವರಿಗೆ ಸಾಹೇಬರು ತಾವು ತೊಟ್ಟು ಬಿಟ್ಟ ಕೋಟು ಕೊಟ್ಟಿರುತ್ತಿದ್ದರು. ಕೊಟ್ಟದ್ದನ್ನು ತೊಡದಿದ್ದರೆ ಸಾಹೇಬರಿಗೆ ಸಿಟ್ಟು. ತೊಟ್ಟು ಎದುರಿಗೆ ಬಂದರೆ ಇನ್ನೂ ಸಿಟ್ಟು. ಹಾಗಾಗಿ ನನ್ನ ಟೇಪಿನಲ್ಲಿಲ್ಲದ ಒಂದು ಅಳತೆ ಎಲ್ಲಕ್ಕಿಂತ ಮುಖ್ಯವಾಗಿತ್ತು: ಕೊಟ್ಟವರಿಗೆ ಗುರುತು ಸಿಗಬಾರದು. ಮೊದಲು ಗುಂಡಿ ಬದಲಿಸು, ಆಮೇಲೆ ಜೇಬಿನ ಮುಚ್ಚಳ, ಆಮೇಲೆ ಉದ್ದ. ನನ್ನ ಹೆಚ್ಚುಗಾರಿಕೆ ಇದೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ನನ್ನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು. ಸಹನಾ ಇದನ್ನು ಕೇಳಿ ನಕ್ಕಳು. ಅವಳು ತಿದ್ದುವ ಮೊದಲಿನ ಫೋಟೊ, ತಿದ್ದಿದ ಮೇಲಿನ ಫೋಟೊ ಎರಡನ್ನೂ ಲೋಕಕ್ಕೆಲ್ಲ ತೋರಿಸುತ್ತಾಳೆ. ಕೊತ್ತಂಬರಿಗೆ ಅವಳ ಮನೆಯಲ್ಲಿ ಬೇರೆ ಉಪಯೋಗ.

ಬೂಟಿನ ಕೆಲಸ ನಾನಾಗಿ ಹಚ್ಚಿಕೊಂಡದ್ದು. ಕೋಟು ಸರಿಮಾಡಿಸಿಕೊಂಡವನು ಕೆಳಗೆ ಚಪ್ಪಲಿಯಲ್ಲಿ ಹೋಗುತ್ತಾನೆಯೇ? ದೊಡ್ಡದಾದ ಬೂಟಿಗೆ ಒಳಗೆ ಉಣ್ಣೆಯ ಪದರ ಹಾಕಿ, ಹಿಮ್ಮಡಿಯ ಹತ್ತಿರ ದಪ್ಪ ಮಾಡಿದರೆ ಕಾಲಿಗೆ ಹಿಡಿಯುತ್ತದೆ. ಬಿಗಿಯಾದದ್ದನ್ನು ಸಡಿಲ ಮಾಡಲು ಅತ್ತೆಯ ಉಪಾಯವಿತ್ತು. ಬಟ್ಟೆಯ ಚೀಲದಲ್ಲಿ ಒಣ ಕಡಲೆ ತುಂಬಿ, ನೀರಲ್ಲಿ ಅದ್ದಿ, ಬೂಟಿನೊಳಗೆ ತುರುಕುವುದು. ಕಡಲೆ ನೆನೆದು ಉಬ್ಬಿದಂತೆ ಚರ್ಮವೂ ಹಿಗ್ಗುತ್ತದೆ. ಒಂದು ಸಲ ಹೀಗೆ ತುರುಕಿದ ದಿನವೇ ಊರಿನಿಂದ ಸಾವಿನ ಸುದ್ದಿ ಬಂತು. ಕಾತ್ರಜದಿಂದ ಬಸ್ಸು ಹಿಡಿದು ಹೋದವರು ತಿರುಗಿ ಬಂದದ್ದು ನಾಲ್ಕನೆಯ ದಿನ. ಬಾಗಿಲು ತೆಗೆದರೆ ಎರಡೂ ಬೂಟಿನಿಂದ ಬಿಳಿ ಮೊಳಕೆ ಹೊರಗೆ ಬಂದಿದ್ದವು. ಬೂಟಿನ ಯಜಮಾನ, ಧಾರವಾಡದ ಕಡೆಯ ಒಬ್ಬ ಸಂಭಾವಿತ, ಅದನ್ನು ನೋಡಿ, "ಬಾಯಾರ, ನಾ ಬೂಟು ಅಗಲ ಮಾಡ್ರಿ ಅಂದಿದ್ದೆ, ಬಿತ್ರಿ ಅಂದಿರಲಿಲ್ಲ" ಎಂದು ಹೊರಟುಹೋದ. ಹುಡುಗಿಯರೇ, ಕಡಲೆ ಒಂದು ರಾತ್ರಿ ಸಾಕು.

ಇನ್ನು ಆ ಕೋಟು.

ನಮ್ಮ ವಾಡೆಯ ಮಾಲಕರು ಮೇಲಿನ ಮಹಡಿಯಲ್ಲಿದ್ದರು. ಯಜಮಾನರು ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ಕೇಳಿದವರು ಮನೆಗೆ ಹೋದ ಮೇಲೆ ಅರ್ಥವಾಗುವಂಥದ್ದು. ಅವರ ಹೆಂಡತಿಯನ್ನು ನಾವು ಕಾಕೂ ಎಂದು ಕರೆಯುತ್ತಿದ್ದೆವು. ನನ್ನ ಯಂತ್ರದ ಸದ್ದಿಗೆ ವಾಡೆಯ ಉಳಿದ ಮನೆಯವರು ತಕರಾರು ಎತ್ತಿದಾಗಲೆಲ್ಲ ಕಾಕೂ, "ಬಡಪಾಯಿ, ದುಡಿದು ತಿನ್ನಲಿ ಬಿಡಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವರ ಆ ಒಂದು ಮಾತಿನ ಮೇಲೆ ನಮ್ಮ ಎರಡು ಕೋಣೆ ನಿಂತಿದ್ದವು. ಇವರಿಬ್ಬರೂ ಮಾತಾಡುತ್ತಿದ್ದದ್ದು ಮರಾಠಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಕೂಗೆ ಸ್ಟೀಲಿನ ಪಾತ್ರೆ ಕಂಡರೆ ಮನಸ್ಸು ತಡೆಯುತ್ತಿರಲಿಲ್ಲ. ಹಿಂದೊಮ್ಮೆ ಮಾಸ್ತರರ ಹಳೆಯ ಧೋತರ ನಾಲ್ಕನ್ನು ಕೊಟ್ಟು ಒಂದು ತಟ್ಟೆ ತಗೊಂಡಿದ್ದರು. ಮಾಸ್ತರರು ಬೈಯಲಿಲ್ಲ. ಎರಡು ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟರು. ಬೇಕಾದದ್ದನ್ನು ಪಾಟಿಯ ಮೇಲೆ ಬರೆದು ಇಡುತ್ತಿದ್ದರು. ಆ ಎರಡು ತಿಂಗಳಲ್ಲಿ ಕಾಕೂ ಬಡವಾದದ್ದನ್ನು ನಾನು ಅವರ ರವಿಕೆ ಹಿಡಿಸಿ ಕಂಡಿದ್ದೇನೆ.

ಆ ಚಳಿಗಾಲದಲ್ಲಿ ನನ್ನ ಹತ್ತಿರ ಈರಣ್ಣ ಬಂದ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯವನು, ಮೂವತ್ತು ದಾಟಿದವನು, ಕಾತ್ರಜದ ಒಂದು ಬಸ್ ಆಫೀಸಿನಲ್ಲಿ ಸಾಮಾನಿನ ಚೀಟಿ ಬರೆಯುವ ಕೆಲಸ. ಎಡಗಾಲು ಬಲಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ, ನಡೆದರೆ ಒಂದು ಬದಿಗೆ ವಾಲುತ್ತಿದ್ದ. ಪೇಟೆಯಲ್ಲಿ ಒಬ್ಬ ದೊಡ್ಡ ಬಟ್ಟೆ ವ್ಯಾಪಾರಿಯ ಹತ್ತಿರ ಗುಮಾಸ್ತನ ಜಾಗ ಖಾಲಿ ಇತ್ತು. ಶನಿವಾರ ಬೆಳಿಗ್ಗೆ ಬರಲು ಹೇಳಿದ್ದರು.

"ಅಕ್ಕಾರ, ಅಲ್ಲಿ ಎಲ್ಲಾರೂ ಠೀಕಾಗಿ ಇರ್ತಾರಂತ್ರಿ. ನಾ ಕುಂಟಕೋತ ಹೋದ್ರ ಬಾಗಿಲದಾಗ ತಿರುಗಿ ಕಳಸ್ತಾರ. ಮೈಮ್ಯಾಲೆ ಕೋಟು, ಕಾಲಾಗ ಬೂಟು, ನೆಟ್ಟಗ ನಡದ್ರ ಸಾಕ್ರಿ" ಎಂದ.

ಹಳೆಯ ಬಜಾರಿನಿಂದ ಅವನು ತಂದಿದ್ದು ಬೂದು ಬಣ್ಣದ ಉಣ್ಣೆಯ ಕೋಟು. ಒಳ್ಳೆಯ ಬಟ್ಟೆ, ಆದರೆ ದೊಡ್ಡ ಹೊಟ್ಟೆಯವರದ್ದು. ಗುಂಡಿಗಳನ್ನು ಬಜಾರಿನಲ್ಲೇ ಯಾರೋ ಕಿತ್ತಿದ್ದರು. ಈರಣ್ಣನಂಥವರು ಇಬ್ಬರು ಅದರೊಳಗೆ ಕೂರಬಹುದಿತ್ತು. ಬಲ ಜೇಬಿನ ಹೊಲಿಗೆ ಬಿಚ್ಚಿದಾಗ ಬಿಳಿಯ ಪುಡಿ ಸುರಿಯಿತು. ದರ್ಜಿಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಾಕಿನ ಪುಡಿ ಅದು ಎಂದುಕೊಂಡೆ. ಹಿಂದೆ ಹೊಲಿದವನು ಶುಚಿಯಿಲ್ಲದ ಮನುಷ್ಯ, ತನ್ನ ಚಾಕನ್ನು ಗಿರಾಕಿಯ ಜೇಬಿನಲ್ಲಿ ಬಿಟ್ಟು ಹೊಲಿದಿದ್ದಾನೆ ಎಂದು ಬೈದುಕೊಂಡು ಜಾಡಿಸಿದೆ. ಒಂದು ವರ್ಷ ಬಿಚ್ಚಲು ಕಲಿತವಳು ಮಾಡಬಹುದಾದ ತಪ್ಪು ಅದು. ಬೇರೆ ಯಾರೇ ಆಗಿದ್ದರೂ ಸರಿಯಾಗಿ ಊಹಿಸುತ್ತಿದ್ದರು.

ಅತ್ತೆ ಆಗ ಊರಿಗೆ ಹೋಗಿದ್ದರು. ಒಳಗೆ ಮಡಚಿ ಹೊಲಿದು ನೋಡಿದೆ. ಬಟ್ಟೆ ದಪ್ಪ, ಕಂಕುಳಡಿ ಎರಡೂ ಕಡೆ ಗಂಟು ಕಟ್ಟಿದಂತೆ ಎದ್ದು ನಿಂತಿತು. ಅತ್ತೆ ಇದ್ದಿದ್ದರೆ ಬಿಸಿ ಇಸ್ತ್ರಿ ಹಾಕಿ ಕೂರಿಸಲು ಎರಡು ದಿನ ಗುದ್ದಾಡಿಸುತ್ತಿದ್ದರು. ನಾನು ಕಾಲು ತೊಳೆದು ದೇವರ ಗೂಡಿನ ಹಿಂದೆ ಕೈ ಹಾಕಿದೆ. ಎರಡೂ ಪಕ್ಕದಿಂದ ನಾಲ್ಕು ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ ತೆಗೆದೆ. ಕೋಟು ಈರಣ್ಣನ ಮೈಗೆ ಅಂಟಿ ಕೂತಿತು. ಆ ಪಟ್ಟಿಗಳನ್ನು ಮಾತ್ರ ತುಂಡು ಮಾಡಲು ಮನಸ್ಸು ಬರಲಿಲ್ಲ. ಉದ್ದಕ್ಕೇ ಇರಲೆಂದು ಎಂಟು ಮಡಿಕೆ ಮಡಚಿ, ಕಚ್ಚಾ ಹೊಲಿಗೆ ಹಾಕಿ, ಅವನ ಎಡಗಾಲ ಬೂಟಿನ ಹಿಮ್ಮಡಿಯ ಕೆಳಗೆ ಕೂರಿಸಿದೆ. ಮುಕ್ಕಾಲು ಇಂಚು ಸರಿಯಾಗಿ ತುಂಬಿತು. ಈರಣ್ಣ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನೆಟ್ಟಗೆ ನಡೆದ. ಮೂರು ಸಲ ನಡೆದ. ಅವನ ಕಣ್ಣು ತುಂಬಿದವು, ನನ್ನವೂ. ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋದ.

ಅದಾದ ಮೂರನೆಯ ದಿನ, ಗುರುವಾರ, ಕಾಕೂ ನನ್ನ ಕೋಣೆಗೆ ಬಂದು ತಾವೇ ಬಾಗಿಲು ಹಾಕಿಕೊಂಡರು. ಕೈಯಲ್ಲಿ ಕೊತ್ತಂಬರಿ ಇರಲಿಲ್ಲ, ಆದರೆ ಮುಖ ನನ್ನ ಗಿರಾಕಿಗಳದ್ದೇ.

"ಭಾನುವಾರ ಇವರ ಹಳೆಯ ವಿದ್ಯಾರ್ಥಿಗಳು ಸತ್ಕಾರ, ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲೆಯ ಕೋಟನ್ನೇ ಹಾಕಿಕೊಂಡು ಬರಬೇಕು ಅಂತ ಹುಡುಗರು ಕೇಳಿದರಂತೆ. ಇವರು ಹೂಂ ಅಂದಿದ್ದಾರೆ."

"ಒಳ್ಳೇದಾತಲ್ಲ" ಎಂದೆ.

"ಕೋಟು ಟ್ರಂಕಿನಲ್ಲಿ ಇಲ್ಲ. ನಾನು ದೀಪಾವಳಿಯ ಮುಂದೆ ಪಾತ್ರೆಯವಳಿಗೆ ಕೊಟ್ಟೆ. ಮುಚ್ಚಳದ ಡಬ್ಬಿ ಬಂತು, ದೊಡ್ಡದು." ಇಷ್ಟು ಹೇಳಿ ಅಳಲು ಶುರು ಮಾಡಿದರು. "ಧೋತರಕ್ಕೆ ಎರಡು ತಿಂಗಳು ಮಾತು ಬಿಟ್ಟ ಮನುಷ್ಯ. ಇದಕ್ಕೆ ಸಾಯುವ ತನಕ ಬಿಡುತ್ತಾನೆ. ನೀನು ಇಂಥವನ್ನೇ ನೋಡುವವಳು. ಅದರ ಹಾಗೆ ಕಾಣುವ ಒಂದು ಕೋಟು ಹುಡುಕಿ ಕೊಡು. ಬೂದು ಬಣ್ಣ, ಉಣ್ಣೆಯದು. ಗುಂಡಿ ಹಾಕಲು ನಿನಗೆ ಕೊಟ್ಟಿದ್ದೇನೆ ಅಂತ ಇವರಿಗೆ ಹೇಳಿಬಿಟ್ಟಿದ್ದೇನೆ."

ಬೂದು ಕೋಟು ಪುಣೆಯಲ್ಲಿ ಸಾವಿರ ಇರಬಹುದು, ನನಗೇನೂ ಹೊಳೆಯಲಿಲ್ಲ. ಬೇರೆ ಗುರುತು ಏನಾದರೂ ಇದೆಯೇ ಎಂದು ಕೇಳಿದೆ.

"ಗುರುತು ಏನು, ಬಲ ಜೇಬಿನ ತುಂಬ ಚಾಕ್‌ಪೀಸಿನ ಪುಡಿ. ಎಷ್ಟು ಒಗೆಸಿದರೂ ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಜೇಬಲ್ಲಿ ಚಾಕ್ ಇಟ್ಟುಕೊಂಡೇ ತಿರುಗಿದವರು."

ಈರಣ್ಣನ ಕೋಟಿನ ಜೇಬಿನಿಂದ ಸುರಿದ ಬಿಳಿಯ ಪುಡಿ ನೆನಪಾಯಿತು. ಹನ್ನೆರಡು ವರ್ಷ ಅವರ ಮನೆಯ ಕೆಳಗೆ ಇದ್ದು ಅವರ ಕೋಟಿನ ಗುರುತು ನನಗೆ ಸಿಕ್ಕಿರಲಿಲ್ಲ. ನಾನು ನೋಡಿದ್ದೆಲ್ಲ ದೂರದಿಂದ, ಹೊರಗಿನಿಂದ. ಒಳಗಿನಿಂದ ನೋಡಿದಾಗ ಮಾಸ್ತರರ ಚಾಕ್‌ಪೀಸನ್ನು ದರ್ಜಿಯ ಚಾಕ್ ಎಂದುಕೊಂಡಿದ್ದೆ. ಕಾಕೂಗೆ ನಿಜ ಹೇಳಲು ಧೈರ್ಯ ಸಾಲಲಿಲ್ಲ. ನಿಮ್ಮ ಯಜಮಾನರ ಕೋಟಿನ ಎರಡು ಪಕ್ಕ ಒಬ್ಬ ಗುಮಾಸ್ತನ ಹಿಮ್ಮಡಿಯ ಕೆಳಗಿವೆ ಎಂದು ಹೇಗೆ ಹೇಳುವುದು? "ಹುಡುಕ್ತೀನಿ" ಎಂದೆ.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಮಾಸ್ತರರು.

"ನನ್ನ ಕೋಟು ನಿಮ್ಮ ಹತ್ತಿರ ಬಂದಿದೆಯಂತೆ?"

"ಹೌದು" ಎಂದೆ. ಆ ವಾರ ನಾನು ಆಡಿದ ಮಾತುಗಳಲ್ಲಿ ಅದೊಂದು ಮಾತ್ರ ಪೂರ್ತಿ ಸುಳ್ಳಾಗಿರಲಿಲ್ಲ.

ಕಾತ್ರಜಕ್ಕೆ ಹೋಗಿ ಈರಣ್ಣನಿಗೆ ಎಲ್ಲ ಹೇಳಿದೆ. "ಶನಿವಾರ ಮುಂಜಾನೆ ನನಗ ಬೇಕ್ರಿ ಅಕ್ಕಾರ. ಅದೊಂದು ಮುಗೀಲಿ. ಮಧ್ಯಾಹ್ನ ನಾನಾ ತಂದು ಕೊಡ್ತೀನಿ, ಬೂಟೂ ಕೊಡ್ತೀನಿ" ಎಂದ. ಒಂದು ಕೋಟು, ಎರಡು ಮೈ, ನಡುವೆ ಒಂದು ದಿನ. ಬೇರೆ ದಾರಿ ಇರಲಿಲ್ಲ.

ಹೇಳಿದಂತೆ ಶನಿವಾರ ಮಧ್ಯಾಹ್ನ ಬಂದ. ಕೋಟು ಕೈಯಲ್ಲಿ, ಬೂಟು ಚೀಲದಲ್ಲಿ, ಕಾಲಲ್ಲಿ ಹಳೆಯ ಚಪ್ಪಲಿ. ಏನಾಯಿತು ಎಂದು ಕೇಳಿದೆ.

"ಹೋದೆ ನೋಡ್ರಿ, ನೆಟ್ಟಗ ನಡಕೋತ. ಬಾಗಿಲದಾಗ, ಇದು ಗಾದಿ, ಬೂಟು ಹೊರಗ ಬಿಡ್ರಿ ಅಂದ್ರು. ಒಳಗ ಎಲ್ಲಾರೂ ಬಿಳೀ ಗಾದಿ ಮ್ಯಾಲೆ ಕುಂತಿದ್ರು. ಬೂಟು ಬಿಟ್ಟು ಕುಂಟಕೋತ ಹೋದೆ. ಇಷ್ಟು ಮಂದ್ಯಾಗ ಒಳಗ ಸೆಕಿ ಆಗ್ತದ, ಕೋಟು ತೆಗೀರಿ ಅಂದ್ರು ಸೇಠರು. ಅದನ್ನೂ ತೆಗೆದು ಗೂಟಕ್ಕ ಹಾಕಿದೆ."

"ಆಮ್ಯಾಲೆ?"

"ಕನ್ನಡ ಬರ್ತದೇನು, ಮರಾಠಿ ಬರ್ತದೇನು, ಅಕ್ಷರ ತೋರಸು ಅಂದ್ರು. ಸೋಮವಾರದಿಂದ ಬಾ ಅಂದ್ರು."

ಆ ಕೋಟಿಗಾಗಿ ನಾನು ಕತ್ತರಿ ಹಿಡಿದದ್ದು, ಕಾಕೂನ ಸಂಸಾರ, ನನ್ನ ಬಾಡಿಗೆ ಕೋಣೆ ಎಲ್ಲ ಪಣಕ್ಕೆ ಬಿದ್ದದ್ದು, ಕಡೆಗೆ ಕೋಟು ಮಾಡಿದ ಕೆಲಸ ಗೂಟಕ್ಕೆ ನೇತಾಡಿದ್ದು.

ಬೂಟಿನಿಂದ ಪಟ್ಟಿ ತೆಗೆದು ಬಿಡಿಸಿದೆ. ಒಂದೇ ಬೆಳಿಗ್ಗೆಯಲ್ಲಿ ಈರಣ್ಣನ ಹೆದರಿಕೆಯ ಬೆವರೆಲ್ಲ ಅದಕ್ಕೆ ಇಳಿದಿತ್ತು. ತೊಳೆದೆ, ಇಸ್ತ್ರಿ ತಿಕ್ಕಿದೆ, ಮತ್ತೆ ತೊಳೆದೆ. ಮಡಿಕೆಯ ಗೆರೆ ಹೋಯಿತು, ಕಲೆ ಪೂರ್ತಿ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಕೋಟಿನ ಎರಡೂ ಪಕ್ಕ ಬಿಚ್ಚಿ, ಪಟ್ಟಿಗಳನ್ನು ಮತ್ತೆ ಕಂಕುಳಿಂದ ಕೆಳಗಿನ ಅಂಚಿನ ತನಕ ಕೂರಿಸಿದೆ. ಬಲಗಡೆ ನೆಟ್ಟಗೆ ಕೂತಿತು. ಎಡಗಡೆ ಹೊಲಿಯುವಾಗ ಕಾಕೂ ಮೂರು ಸಲ ಬಾಗಿಲಿಗೆ ಬಂದು ಹೋದರು, ಮೂರು ಸಲವೂ ನಾನು ಹೊಲಿಗೆ ಬಿಟ್ಟು ತಲೆ ಎತ್ತಿದೆ. ಗುಂಡಿ ಹಚ್ಚಿ ಕಾಕೂನ ಕೈಗೆ ಕೊಟ್ಟು, "ಸಿಕ್ಕಿತು, ಇದೇ ನಿಮ್ಮದು, ಬಜಾರಿನಲ್ಲೇ ಇತ್ತು" ಎಂದೆ. ಅವರು ಕೋಟನ್ನು ಎದೆಗೆ ಅವಚಿಕೊಂಡು ಒಳಗೆ ಓಡಿದರು.

ಸತ್ಕಾರಕ್ಕೆ ನಾನೂ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತು ನಾನು ನೋಡಿದ್ದು ಎರಡೇ ಜಾಗ, ಮಾಸ್ತರರ ಎರಡು ಕಂಕುಳು. ಹಾರ ಹಾಕಿದರು, ಶಾಲು ಹೊದಿಸಿದರು. ಮಾಸ್ತರರು ಕೈ ಎತ್ತಿ ನಮಸ್ಕರಿಸಿದಾಗಲೆಲ್ಲ ಹೊಲಿಗೆ ಬಿಟ್ಟಿತೇ ಎಂದು ಕತ್ತು ಚಾಚಿ ನೋಡುತ್ತಿದ್ದೆ. ಭಾಷಣದ ನಡುವೆ ಅಭ್ಯಾಸಬಲದಿಂದ ಬಲ ಜೇಬಿಗೆ ಕೈ ಹಾಕಿದರು. ಒಂದು ಕ್ಷಣ ತಡೆದು, ಕೈ ಹೊರಗೆ ತೆಗೆದು ಮಾತು ಮುಂದುವರಿಸಿದರು. ಪುಣೆಯ ಅಷ್ಟು ಮಂದಿ ಗಣ್ಯರು ಈರಣ್ಣನ ಹಿಮ್ಮಡಿಗೆ ಹಾರ ಹಾಕಿ ಚಪ್ಪಾಳೆ ತಟ್ಟಿದರು. ಯಾರಿಗೂ ಗೊತ್ತಾಗಲಿಲ್ಲ. ನನ್ನ ಜಂಬ ಮತ್ತೆ ಬೆಳೆಯಿತು.

ಮರುದಿನ ಮಾಸ್ತರರು ಮೇಲಕ್ಕೆ ಕರೆದು ಸತ್ಕಾರದ ಲಾಡು ಕೊಟ್ಟರು. ಲಾಡು ಇದ್ದದ್ದು ಮುಚ್ಚಳದ ದೊಡ್ಡ ಸ್ಟೀಲಿನ ಡಬ್ಬಿಯಲ್ಲಿ. ಮುಚ್ಚಳದ ಮೇಲೆ ಕೈ ಸವರುತ್ತ, "ಈ ಡಬ್ಬಿ ತುಂಬ ಒಳ್ಳೆಯದು. ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಇಷ್ಟು ಬೆಚ್ಚಗಿನ ವಸ್ತು ಇನ್ನೊಂದಿಲ್ಲ" ಎಂದರು. ಲಾಡು ಬಿಸಿಯಾಗಿ ಇರುತ್ತದೆಂದು ಹೇಳುತ್ತಿದ್ದಾರೆ ಎಂದುಕೊಂಡು ಹೌದು ಹೌದು ಎಂದೆ. ಕಾಕೂ ನನ್ನ ಕಡೆ ನೋಡಿ ಗುಟ್ಟಾಗಿ ನಕ್ಕರು.

ಅತ್ತೆ ಊರಿಂದ ಬಂದ ಮೇಲೆ ನಡೆದದ್ದೆಲ್ಲ ಹೇಳಿದೆ. ಬೈಯಲಿಲ್ಲ. ಕತ್ತರಿ ತೆಗೆದು ನೋಡಿ, ಮತ್ತೆ ದೇವರ ಹಿಂದೆ ಇಟ್ಟರು. ಈರಣ್ಣನ ಬೂಟಿಗೆ ತಮ್ಮ ಹಳೆಯ ಕಂಬಳಿಯ ತುಂಡು ಮಡಚಿ ಕೊಟ್ಟರು. ಅವನು ಅದನ್ನು ಹಾಕಿಕೊಂಡು ಹೋಗಿ, ದಿನವೂ ಗಾದಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದ.

ಆಮೇಲೆ ವರ್ಷಗಳು ಕಳೆದವು. ಅತ್ತೆ ಹೋದರು, ಮಾಸ್ತರರು ಹೋದರು. ಯಂತ್ರಕ್ಕೆ ಮೋಟರು ಬಂತು, ಬ್ಲೇಡಿನ ಬದಲು ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಬಂತು, ಸೂಜಿಯೇ ಬೇಡದ ಅಂಟು ಪಟ್ಟಿ ಬಂತು. ಅದನ್ನು ನಾನು ಹುಡುಗಿಯರಿಗೆ ಕಲಿಸುವುದಿಲ್ಲ, ಅವರು ನನ್ನ ಬೆನ್ನ ಹಿಂದೆ ಬಳಸುತ್ತಾರೆ. ಕಳೆದ ವರ್ಷ ವಾಡೆಯನ್ನು ಕೆಡವಿ ಕಟ್ಟಡ ಎಬ್ಬಿಸುವುದೆಂದು ಗೊತ್ತಾಯಿತು. ಮನೆ ಖಾಲಿ ಮಾಡುವಾಗ ಕಾಕೂ ಟ್ರಂಕಿನಿಂದ ಆ ಕೋಟು ತೆಗೆದು ನನ್ನ ಕೈಗಿಟ್ಟರು.

"ನೀನೇ ಇಟ್ಟುಕೋ. ಪಾತ್ರೆಯವಳಿಗೆ ಕೊಡಲು ಇನ್ನು ನನ್ನ ಕೈ ಏಳುವುದಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಇವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ ನೋಡು" ಎಂದರು. ಆ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತು.

ಮನೆಗೆ ತಂದು ಅಭ್ಯಾಸದಂತೆ ಮೊದಲು ಜೇಬು ಜಾಡಿಸಿದೆ. ಬಲ ಜೇಬಿನಿಂದ ಒಂದು ಚಾಕ್‌ಪೀಸಿನ ತುಂಡು ಬಿತ್ತು, ಜೊತೆಗೆ ಮಡಚಿದ ಒಂದು ಕಾಗದ. ಕಾತ್ರಜದ ಬಸ್ ಆಫೀಸಿನ ಸಾಮಾನಿನ ಚೀಟಿ, ಈರಣ್ಣನ ಅಕ್ಷರ. ಆ ಶನಿವಾರ ಕೋಟಿನಲ್ಲೇ ಬಿಟ್ಟಿದ್ದ; ನಾನು ಆತುರದಲ್ಲಿ ಜೇಬು ನೋಡಿರಲಿಲ್ಲ. ತಿರುವಿದರೆ ಹಿಂದುಗಡೆ ಮಾಸ್ತರರ ಕೈಬರಹ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ:

‘ಹತ್ತಕ್ಕೆ ಏಳು. ಎಡಬದಿ ಸೊಟ್ಟ.’

ಡಬ್ಬಿ ಯಾಕೆ ಬೆಚ್ಚಗಿತ್ತು ಎಂಬುದು ಅಷ್ಟು ವರ್ಷದ ಮೇಲೆ ಆಗ ನನ್ನ ತಲೆಗೆ ಹೋಯಿತು. ಆ ಮನುಷ್ಯ ಎಲ್ಲ ತಿಳಿದೂ ಹೆಂಡತಿಯ ಜೊತೆ ಒಂದು ದಿನವೂ ಮಾತು ಬಿಡಲಿಲ್ಲ. ನನ್ನ ಕೆಲಸ ಯಾರಿಗೂ ಕಾಣುವುದಿಲ್ಲವೆಂದು ನಾನು ಮೆರೆದಷ್ಟು ವರ್ಷವೂ ನನ್ನ ಅಂಕ ಮೇಲಿನ ಮಹಡಿಯ ಟ್ರಂಕಿನಲ್ಲಿತ್ತು. ಅತ್ತೆಯಾಗಲಿ, ನಲವತ್ತು ವರ್ಷದ ಯಾವ ಗಿರಾಕಿಯಾಗಲಿ ನನಗೆ ಅಂಕ ಕೊಟ್ಟವರಲ್ಲ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಎದ್ದು ಕನ್ನಡಕ ಹಾಕಿಕೊಂಡು ಎಡಬದಿ ನೋಡಿದೆ. ಸೊಟ್ಟ ಇತ್ತು.

ಕಾಕೂಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವರು ಕನ್ನಡ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆ ಕೋಟನ್ನು ನನ್ನ ಅಳತೆಗೆ ಮಾಡಿಕೊಂಡೆ. ನಲವತ್ತು ವರ್ಷದಲ್ಲಿ ನನಗಾಗಿ ತಿದ್ದಿಕೊಂಡ ಮೊದಲ ಬಟ್ಟೆ ಅದು. ಸೂಜಿಗೆ ದಾರ ಪೋಣಿಸಿಕೊಟ್ಟವಳು ಸಹನಾ. ಅವಳ ಮನೆಯ ಏಸಿಗೆ ಚಳಿ ಜಾಸ್ತಿ, ಶನಿವಾರ ಪಾಠಕ್ಕೆ ಅದನ್ನೇ ತೊಟ್ಟು ಹೋಗುತ್ತೇನೆ. ಮೊದಲ ದಿನ ಅವಳು ಕೋಟಿನ ಪಕ್ಕ ಮುಟ್ಟಿ ನೋಡಿ, "ಆಂಟಿ, ವಾವ್, ಒಳಗಡೆ ತುಂಬ ಬಟ್ಟೆ ಉಳಿದಿದೆಯಲ್ಲ, ಕಟ್ ಮಾಡಿದ್ರೆ ಇನ್ನೂ ಸ್ಲಿಮ್ ಕಾಣುತ್ತೆ" ಎಂದಳು. ಕತ್ತರಿ ಎಲ್ಲಿಟ್ಟಿದ್ದೀಯ ಎಂದು ಕೇಳಿದೆ. ಮೇಜಿನ ಮೇಲೆ ಇತ್ತು. ಅದನ್ನು ತೆಗೆದು ಅವರ ದೇವರ ಗೂಡಿನ ಹಿಂದೆ ಇಟ್ಟು ಬಂದು ಪಾಠ ಶುರು ಮಾಡಿದೆ.

ಒಳಗೆ ಎರಡೂ ಕಡೆ ನಾಲ್ಕು ಬೆರಳು ಬಿಟ್ಟಿದ್ದೇನೆ, ಈರಣ್ಣನ ಬೆವರಿನ ಕಲೆ ಸಮೇತ. ಎಡಬದಿಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ಕಣ್ಣು ಸಾಲದೆ ಮೂರು ದಿನ ಹಿಡಿಯಿತು, ಈಗ ನೆಟ್ಟಗಿದೆ. ಚೀಟಿಯನ್ನು ಚಾಕಿನ ಜೊತೆ ಮತ್ತೆ ಬಲ ಜೇಬಿನಲ್ಲಿ ಇಟ್ಟಿದ್ದೇನೆ. ಅಂಕ ತಿದ್ದಿಲ್ಲ.